ಉಸಿರಿಗೆ ಓಗೊಡದ ಎದೆ

ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಂಡು ಐದು ಸೆಕೆಂಡು ಉಸಿರೆಳೆದುಕೊಳ್ಳಿ, ಐದು ಸೆಕೆಂಡು ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಬಯಲಾಟದ ಭಾಗವತರು ಒಂದೇ ಉಸಿರಿನಲ್ಲಿ ಆಲಾಪ ಎಳೆಯುವಾಗ ಅವರ ಎದೆಯೊಳಗೆ ಆಗುವುದೂ ಇದೇ. ಈ ಏರಿಳಿತವನ್ನು ಆಡಿಸುವುದು ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಹೃದಯ, ಶ್ವಾಸಕೋಶಗಳನ್ನು ಹಾದು ಕರುಳಿನವರೆಗೆ ಇಳಿಯುವ ವೇಗಸ್ ನರ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ‘ಅಲೆಯುವುದು’ ಎಂದರ್ಥ. ನಮ್ಮ ‘ವೇಗ’ಕ್ಕೂ ಅದಕ್ಕೂ ನಂಟಿಲ್ಲ, ಅದರ ಕೆಲಸವೇ ವೇಗ ತಗ್ಗಿಸುವುದು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಬಡಿಯುತ್ತದೆ. ಕೂತಾಗ ಅದು ಎಪ್ಪತ್ತಕ್ಕೆ ಇಳಿದಿರುವುದು ಈ ನರ ಎಳೆದು ಹಿಡಿದಿರುವುದರಿಂದ.

ಈಚೆಗೆ ಮೊಬೈಲಿನಲ್ಲಿ ವೇಗಸ್ಸಿನದೇ ಮಾತು. ಗುಂಯ್‌ಗುಡಿ, ಮುಖಕ್ಕೆ ತಣ್ಣೀರು ಎರಚಿ, ಕಿವಿಗೆ ಈ ಯಂತ್ರ ಸಿಕ್ಕಿಸಿ, ಮನಸ್ಸು ತಿಳಿಯಾಗುತ್ತದೆ ಎನ್ನುತ್ತಾರೆ. ಗುಂಯ್‌ಗುಡುವುದರ ಬಗ್ಗೆ, ನಿಧಾನ ಉಸಿರಾಟದ ಬಗ್ಗೆ ನನಗೆ ತಕರಾರಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 12 ಮಂದಿಯಿಂದ ‘ಓಂ’ ಹೇಳಿಸಿ ಮಿದುಳಿನ ಸ್ಕ್ಯಾನ್ ತೆಗೆದಾಗ, ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನ; ಚಿಕ್ಕದು, ಆದರೆ ಕುತೂಹಲದ್ದು. ಕುತ್ತಿಗೆಯ ರಕ್ತನಾಳ ತಿಕ್ಕುವ ಉಪಾಯವನ್ನು ಮಾತ್ರ ವಯಸ್ಸಾದವರು ಮನೆಯಲ್ಲಿ ಮಾಡಲೇಬಾರದು; ತಲೆಸುತ್ತಿ ಬೀಳಬಹುದು, ಪಾರ್ಶ್ವವಾಯುವೂ ತಗಲಬಹುದು.

ನನ್ನ ಆತಂಕ ಬೇರೆ. ಶಾಂತಿ ಕೊಡುತ್ತದೆಂದು ನಾವು ನಂಬಿ ಕೂತಿರುವ ಈ ನರವನ್ನೇ ಸಕ್ಕರೆ ಕಾಯಿಲೆ ಒಳಗಿಂದೊಳಗೆ ತಿನ್ನುತ್ತದೆ.

ಶುಗರ್ ಇದ್ದವರ ಪಾದ ಜೋಮು ಹಿಡಿಯುವುದು ಊರಿಗೆಲ್ಲ ಗೊತ್ತು. ಏರಿದ ಸಕ್ಕರೆ ಉದ್ದದ ನರಗಳನ್ನು ಮೊದಲು ಕೆಡಿಸುತ್ತದೆ, ಸೊಂಟದಿಂದ ಪಾದಕ್ಕಿಳಿಯುವ ನರ ಬಲು ಉದ್ದ. ವೇಗಸ್ಸೂ ಉದ್ದದ್ದೇ, ಆದ್ದರಿಂದ ಪೆಟ್ಟು ಅದಕ್ಕೂ ಬೇಗ ಬೀಳುತ್ತದೆ. ಆದರೆ ಒಳಗಿನ ಜೋಮು ಯಾರಿಗೂ ತಿಳಿಯುವುದಿಲ್ಲ. ಮೊದಲು ಉಸಿರಿನೊಡನೆ ನಾಡಿ ಆಡುವುದು ನಿಲ್ಲುತ್ತದೆ. ಆಮೇಲೆ ಸುಮ್ಮನೆ ಕೂತಿದ್ದರೂ ನಾಡಿ ನೂರರ ಹತ್ತಿರವೇ. ಉಂಡದ್ದು ಹೊಟ್ಟೆಯಿಂದ ಮುಂದೆ ಸರಿಯದು. ಇನ್ಸುಲಿನ್ ಹೊತ್ತಿಗೂ ಊಟದ ಹೊತ್ತಿಗೂ ತಾಳ ತಪ್ಪುತ್ತದೆ. ಹೃದಯದ ಉಳಿದ ನರಗಳೂ ಹಾಳಾದ ಮೇಲೆ ಹೃದಯಾಘಾತವಾದರೂ ಎದೆ ನೋಯದಿರಬಹುದು. ಆಗ ಕುಂದಾಪುರದ ಬಳಿಯ ನಮ್ಮ ತೆಕ್ಕಟ್ಟೆಯ ಮನೆಗಳಲ್ಲಿ ಕೇಳಿಬರುವ ಮಾತು ಎಲ್ಲರಿಗೂ ಪರಿಚಯದ್ದು: “ಎಂತ ಇಲ್ಲ ಮಾರಾಯ್ರೆ, ಗ್ಯಾಸ್.”

ಎಡಿನ್‌ಬರೊದ ಡೇವಿಡ್ ಯೂಯಿಂಗ್ ಮತ್ತು ಸಂಗಡಿಗರು 1980ರಲ್ಲಿ, ಇಂಥ ಲಕ್ಷಣಗಳಿದ್ದ 73 ಮಧುಮೇಹಿಗಳ ವಿವರ ಪ್ರಕಟಿಸಿದರು. ನರಗಳ ಪರೀಕ್ಷೆಯಲ್ಲಿ ದೋಷ ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷದೊಳಗೆ ತೀರಿಕೊಂಡಿದ್ದರು. ಅವರು ಆಗಲೇ ಬಳಲಿದ್ದವರು ಎನ್ನಬಹುದು. ಆದರೆ 2010ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರ ‘ಅಕಾರ್ಡ್’ ಅಧ್ಯಯನದಲ್ಲೂ, ಹೃದಯದ ನರ ಕೆಟ್ಟವರ ಸಾವಿನ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಇತ್ತು.

ಇನ್ನು ನಮ್ಮ ದಾರಿಯನ್ನು ನೋಡಿ. ತೆಕ್ಕಟ್ಟೆಯನ್ನು ಸೀಳಿಕೊಂಡು ಹೋಗುವ 66ನೇ ಹೆದ್ದಾರಿಯ ಬಡಗು ದಿಕ್ಕಿಗೆ ಗೋವಾ, ತೆಂಕಿಗೆ ಕೇರಳ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ಗೋವಾದ ವಯಸ್ಕರಲ್ಲಿ ಶೇ. 26.4, ಕೇರಳದಲ್ಲಿ ಶೇ. 25.5 ಮಧುಮೇಹಿಗಳು, ದೇಶದ ಸರಾಸರಿ ಶೇ. 11.4. ಅದೇ ಕರಾವಳಿಯ ನಡುವೆ ಕೂತ ನಾವು ಇದು ಪಕ್ಕದ ಮನೆಯ ಸಂಗತಿ ಎಂದುಕೊಂಡಿರಲಾಗದು. ಅದೇ ಸಮೀಕ್ಷೆಯ ಲೆಕ್ಕದಂತೆ ದೇಶದಲ್ಲಿ ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದರು. ನರದ ಹಾನಿ ಕೆಲವರಲ್ಲಿ ಆ ಹೊಸ್ತಿಲಲ್ಲೇ ಶುರುವಾಗಿರುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಅವರಲ್ಲಿ ಎಷ್ಟು ಜನರಿಗೆ ‘ಗ್ಯಾಸ್’ ಬರಬಹುದು?

ವಿಚಿತ್ರವೆಂದರೆ, ಈ ನರದ ಹಾನಿಯನ್ನು ಪತ್ತೆಹಚ್ಚುವ ಪರೀಕ್ಷೆ ಮೊದಲು ಹೇಳಿದ ಉಸಿರಾಟವೇ. ಇಸಿಜಿ ಹಚ್ಚಿ ನಿಮಿಷಕ್ಕೆ ಆರು ಸಲ ಉಸಿರಾಡಿಸುತ್ತಾರೆ. ಉಸಿರೆಳೆದಾಗಿನ, ಬಿಟ್ಟಾಗಿನ ನಾಡಿಬಡಿತದ ಅಂತರ 15 ಅಥವಾ ಹೆಚ್ಚಿದ್ದರೆ ಸರಿ. 10ಕ್ಕೆ ಇಳಿದರೆ ಕೆಟ್ಟಿದೆ ಎಂದರ್ಥ. ವಯಸ್ಸಾದಂತೆ ಅಂತರ ಸಹಜವಾಗಿಯೇ ಕಡಿಮೆಯಾಗುವುದರಿಂದ ಲೆಕ್ಕವನ್ನು ವೈದ್ಯರಿಗೇ ಬಿಡಬೇಕು. ಕಣ್ಣು, ಕಿಡ್ನಿ, ಪಾದ ನೋಡಿಸುವವರೂ ಇದನ್ನು ಕೇಳಿ ಮಾಡಿಸುವುದು ಅಪರೂಪ.

ಹಾನಿ ಬೇರೂರಿದ ಮೇಲೆ ನರ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ, ಆದರೆ ಹಾನಿಯನ್ನು ತಡೆಯುವುದು ಸಾಧ್ಯ. 1983ರಿಂದ 1993ರವರೆಗೆ ಅಮೆರಿಕ, ಕೆನಡಾಗಳಲ್ಲಿ ಒಂದನೇ ಬಗೆಯ ಮಧುಮೇಹದ 1,441 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಈ ನರದ ಹಾನಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಅದರ ಫಲ ವರ್ಷಗಳ ನಂತರವೂ ಉಳಿದಿತ್ತು. ಎರಡನೇ ಬಗೆಯವರಲ್ಲಿ ಸಕ್ಕರೆಯೊಂದೇ ಸಾಲದು. ರಕ್ತದೊತ್ತಡ, ಕೊಬ್ಬು, ತೂಕವನ್ನೂ ಹಿಡಿತಕ್ಕೆ ತರಬೇಕು.

ಹತ್ತು ವರ್ಷದಿಂದ ಶುಗರ್ ಇದ್ದವರಿಗೆ ನೋವೇ ಇಲ್ಲದೆ ತಣ್ಣನೆ ಬೆವರು, ಏದುಸಿರು, ಕಾರಣವಿಲ್ಲದ ಸುಸ್ತು ಒಮ್ಮೆಲೇ ಬಂದರೆ, ಶುಂಠಿ ಕಷಾಯ ಕುದಿಸುತ್ತ ಕೂರದೆ ಕುಂದಾಪುರಕ್ಕೋ ಮಣಿಪಾಲಕ್ಕೋ ಗಾಡಿ ಹೊರಡಿಸಿ. ಇಸಿಜಿ ತಕ್ಷಣವೇ ಆಗಬೇಕು.