ಬೂದು ಪೈಪು, ಹಸಿರು ಅಂಟು

ಹಳೆಯ ಜೆಟ್ ಸ್ಕೀಗೆ ರೋಗ ಹತ್ತುವುದು ಹೆಚ್ಚಾಗಿ ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದಾಗ. ಕೆನಡಾದಲ್ಲಿ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ಸರೋವರಗಳು ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಈ ಗಾಡಿಗಳಿಗೆ ಕೆಲಸವಿಲ್ಲ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಹಳಸುತ್ತದೆ. ಕಾರ್ಬೊರೇಟರಿನಲ್ಲಿ ಉಳಿದದ್ದು ಆರಿ ಅಂಟಾಗಿ ಕೂರುತ್ತದೆ. ಬೇಸಿಗೆ ಬಂದು ನೀರಿಗಿಳಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ದಡದ ಹತ್ತಿರ ಚೆನ್ನಾಗಿಯೇ ಓಡುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಮುಗ್ಗರಿಸುತ್ತದೆ. ಸವಾರ ಪ್ಲಗ್ ಬದಲಿಸಿ ಮತ್ತೆ ಓಡಿಸುತ್ತಾನೆ. ಹಾಗೇ ಓಡಿಸುತ್ತ ಹೋದರೆ ಒಂದು ದಿನ ಪಿಸ್ಟನ್ ಸೀಜ್.

ಕವಾಸಾಕಿ 1973ರಲ್ಲಿ ನಿಂತು ಓಡಿಸುವ ಜೆಟ್ ಸ್ಕೀಯನ್ನು ಮಾರುಕಟ್ಟೆಗೆ ತಂದ ಮೇಲೆ ಸುಮಾರು ಮೂರು ದಶಕ ಈ ವಾಹನಗಳ ಹೊಟ್ಟೆಯಲ್ಲಿದ್ದದ್ದು ಟೂ-ಸ್ಟ್ರೋಕ್ ಎಂಜಿನ್. 1999ರ ಜೂನ್‌ನಲ್ಲಿ ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬೊರೇಟರ್ ಇರುವ ಟೂ-ಸ್ಟ್ರೋಕ್‌ಗಳಿಗೆ ನಿಷೇಧ ಬಿತ್ತು. 2002ರ ಮಾದರಿಗಳಲ್ಲಿ ಯಮಹಾ, ಸೀ-ಡೂ ಎರಡೂ ಫೋರ್-ಸ್ಟ್ರೋಕ್ ತಂದವು. ಆದರೂ 1990ರ ದಶಕದ ಟೂ-ಸ್ಟ್ರೋಕ್ ಗಾಡಿಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇವೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕಿಗೆ ಈ ಎಂಜಿನ್ ಅಪರಿಚಿತವೇನಲ್ಲ. ಅವನು ತಲೆ ಕೆರೆದುಕೊಳ್ಳುವುದು ಕಾರ್ಬೊರೇಟರ್ ಬಿಚ್ಚಿದಾಗ.

ಬೈಕಿನ ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವುದು ಫ್ಲೋಟ್. ಅಲೆಗೆ ಕುಪ್ಪಳಿಸುವ, ಒಮ್ಮೊಮ್ಮೆ ಮಗುಚಿಯೇ ಬೀಳುವ ಗಾಡಿಯಲ್ಲಿ ಅದು ನಡೆಯದು. ಹಾಗಾಗಿ ಇಲ್ಲಿನ ಮಿಕುನಿ ಕಾರ್ಬೊರೇಟರಿನಲ್ಲಿ ಫ್ಲೋಟ್ ಬದಲು ತೆಳುವಾದ ಡಯಾಫ್ರಮ್ ಇದೆ. ಪೆಟ್ರೋಲ್ ಪಂಪಿಗೆ ಕರೆಂಟಿನ ಹಂಗೂ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡಿದಂತೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿಳಿಯುತ್ತದಲ್ಲ, ಅದನ್ನೇ ಸಣ್ಣ ಪೈಪೊಂದು ಪಂಪಿಗೆ ಒಯ್ಯುತ್ತದೆ. ಪಂಪಿನೊಳಗಿನ ಪೊರೆ ಅದಕ್ಕೆ ತಕ್ಕಂತೆ ಮಿಡಿದು ಪೆಟ್ರೋಲು ಎಳೆಯುತ್ತದೆ. ಈ ಪೈಪಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ, ಪೊರೆ ಗಡುಸಾದರೂ ಎಂಜಿನ್ನಿಗೆ ಹೊಟ್ಟೆ ತುಂಬುವುದಿಲ್ಲ.

1990ರ ದಶಕದ ಸೀ-ಡೂಗಳದ್ದು ಇದಕ್ಕಿಂತ ಕುಖ್ಯಾತ ಕಥೆ. ಕೆನಡಾದ ಬೊಂಬಾರ್ಡಿಯರ್ ಕಂಪನಿ ಇವುಗಳಲ್ಲಿ ಕೂರಿಸಿದ ರೋಟ್ಯಾಕ್ಸ್ ಎಂಜಿನ್ ಗಟ್ಟಿಯದೇ. ಆದರೆ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಬರುವ ಬೂದು ಬಣ್ಣದ 'ಟೆಂಪೊ' ಪೈಪುಗಳು ವರ್ಷಗಳು ಕಳೆದಂತೆ ಒಳಗಿನಿಂದ ಕರಗುತ್ತವೆ. ಹೊರಗೆ ನೋಡಿದರೆ ಏನೂ ಆಗಿಲ್ಲ. ಒಂದು ತುಂಡು ಕತ್ತರಿಸಿ ಉದ್ದಕ್ಕೆ ಸೀಳಿದರೆ ಒಳಗೋಡೆಗೆ ಹಸಿರು ಅಂಟು ಮೆತ್ತಿರುತ್ತದೆ. ಇದು ಪೆಟ್ರೋಲಿನ ಜೊತೆ ಹರಿದು ಬಂದು ಕಾರ್ಬೊರೇಟರಿನೊಳಗಿನ ಜಾಲರಿ ಫಿಲ್ಟರಿನಲ್ಲಿ ಕೂರುತ್ತದೆ. ಆ ಜಾಲರಿ ಇರುವುದೇ ಬೆರಳಿನ ಉಗುರಿನಷ್ಟು. ಹೊರಗಿನ ದೊಡ್ಡ ಫಿಲ್ಟರ್ ತೊಳೆದು ಸಮಾಧಾನಪಟ್ಟವರಿಗೆ ಇದು ಇದೆ ಎಂಬುದೇ ಗೊತ್ತಿರುವುದಿಲ್ಲ.

ಎರಡು ಸಿಲಿಂಡರಿಗೆ ಎರಡು ಕಾರ್ಬೊರೇಟರ್ ಇರುವ ಎಂಜಿನ್ನಿನಲ್ಲಿ ಒಂದರ ಜಾಲರಿ ಮಾತ್ರ ಕಟ್ಟಿಕೊಂಡರೆ ಇನ್ನೂ ಕಷ್ಟ. ನಿಧಾನಕ್ಕೆ ಓಡಿಸುವಾಗ ಬೇಕಾದ ಅಷ್ಟಿಷ್ಟು ಪೆಟ್ರೋಲು ಹೇಗೋ ಬರುತ್ತದೆ. ಪೂರ್ತಿ ವೇಗದಲ್ಲಿ ಆ ಸಿಲಿಂಡರಿಗೆ ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ; ಉರಿಯ ಬಿಸಿ ಏರಿ ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿನ ಗೋಡೆಗೆ ಸವರಿಕೊಳ್ಳುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಹಳೆಯ ಕವಾಸಾಕಿಗಳಲ್ಲಾದರೆ ಪೆಟ್ರೋಲಿನ ಜೊತೆ ಆಯಿಲೂ ಕಡಿತ. ಮಾಲೀಕ ಹೊಸ ಪಿಸ್ಟನ್ ಹಾಕಿಸುತ್ತಾನೆ, ಬೂದು ಪೈಪು ಹಾಗೇ ಉಳಿಯುತ್ತದೆ, ಹೊಸ ಪಿಸ್ಟನ್ನಿಗೂ ಅದೇ ಗತಿ. ಪಿಸ್ಟನ್ ಸೀಜ್ ಆಗಿದೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಮೆಕ್ಯಾನಿಕ್ ಅರ್ಧ ಕೆಲಸ ಮಾತ್ರ ಮಾಡಿದ್ದಾನೆ.

ಹಾಗಾದರೆ ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು? ಮೊದಲು ಸೀಟು ತೆಗೆದು ಗಾಳಿಯಾಡಲು ಬಿಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ಮಡುಗಟ್ಟಿರುತ್ತದೆ. ಒಂದು ಕಿಡಿ ಸಾಕು. ಆಮೇಲೆ ಕಂಪ್ರೆಷನ್. ಎರಡೂ ಪ್ಲಗ್ ಬಿಚ್ಚಿ, ಅವುಗಳ ವೈರುಗಳನ್ನು ಅರ್ಥ್ ಮಾಡಿ, ಗೇಜ್ ತಿರುಗಿಸಿ ಕೂರಿಸಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ತಿರುಗಿಸಬೇಕು. ಸೀ-ಡೂನ 717, 787 ಎಂಜಿನ್‌ಗಳು ಆರೋಗ್ಯವಾಗಿದ್ದರೆ ಸುಮಾರು 150 ಪೌಂಡು ತೋರಿಸುತ್ತವೆ. ಎರಡು ಸಿಲಿಂಡರುಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರ ಇರಬಾರದು. ಒಂದು 150, ಇನ್ನೊಂದು 90 ಬಂದರೆ ಕಾರ್ಬೊರೇಟರ್ ತೊಳೆಯುವುದರಿಂದ ಮುಗಿಯುವ ವಿಷಯ ಅದಲ್ಲ, ಎಂಜಿನ್ ಬಿಚ್ಚಲೇಬೇಕು. ಹತ್ತು ನಿಮಿಷದ ಈ ಪರೀಕ್ಷೆ ಬಿಟ್ಟು ಪ್ಲಗ್, ಕಾಯಿಲ್, ಬ್ಯಾಟರಿ ಅಂತ ಒಂದೊಂದೇ ಕೊಳ್ಳುತ್ತ ಹೋಗುವವರು ಅಂಗಡಿಯವನನ್ನು ಉದ್ಧಾರ ಮಾಡುತ್ತಾರೆ, ಅಷ್ಟೆ.

ಕರೆಂಟ್ ಬರುತ್ತಿಲ್ಲವೆಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ, ಅದರ ಕಿಲುಬು ಹಿಡಿದ ಟರ್ಮಿನಲ್ಲುಗಳ ಮೇಲೆ. ಸ್ಟಾರ್ಟರ್ ನಿಧಾನಕ್ಕೆ ತಿರುಗಿದರೆ ಕಿಡಿಯೂ ಸೊರಗುತ್ತದೆ.

ಎಂಜಿನ್ ಭರ್ರೆಂದು ಏರುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ ಎಂಬ ದೂರು ಬೇರೆಯೇ. ಅಲ್ಲಿ ಎಂಜಿನ್ ನಿರಪರಾಧಿ. ಹಿಂದಿನ ಜೆಟ್ ಪಂಪಿನ ಇಂಪೆಲ್ಲರಿಗೆ ಹಗ್ಗವೋ ಜೊಂಡೋ ಸುತ್ತಿರಬೇಕು, ಇಲ್ಲವೇ ಅದರ ಸುತ್ತಲಿನ ವೇರ್ ರಿಂಗ್ ಸವೆದಿರಬೇಕು. ಸೀ-ಡೂಗಳಲ್ಲಿ ಈ ಎರಡರ ನಡುವಿನ ಸಂದು 1 ಮಿ.ಮೀ. ದಾಟಿದರೆ ರಿಂಗ್ ಬದಲಿಸಬೇಕು. ಹಾಗೆಯೇ, ಬಹಳ ದಿನ ನಿಂತ ಸೀ-ಡೂ ಮೊದಲ ಸಲ ಸ್ಟಾರ್ಟ್ ಆದಾಗ ದಟ್ಟ ಹೊಗೆ ಕಾರಿದರೆ ಕೂಡಲೇ ಗಾಬರಿ ಬೇಡ. ರೋಟರಿ ವಾಲ್ವಿನ ಶಾಫ್ಟ್ ಸೀಲ್ ಹಳತಾಗಿ ಆಯಿಲ್ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಪ್ರತಿ ಸಲವೂ ಹಾಗೇ ಆದರೆ ಸೀಲ್ ಬದಲಿಸುವ ಕಾಲ ಬಂತು.

ಕೆಲವು ಎಂಜಿನ್‌ಗಳನ್ನು ಕೊಲ್ಲುವುದು ತೊಳೆಯುವ ಉತ್ಸಾಹವೇ. ಈ ಹಳೆಯ ಗಾಡಿಗಳು ಓಡುವಾಗ ಹೊರಗಿನ ನೀರನ್ನೇ ಎಳೆದು ಎಂಜಿನ್ ತಂಪು ಮಾಡಿಕೊಂಡು ಹೊರಚೆಲ್ಲುತ್ತವೆ. ಮಲ್ಪೆ, ಮುರ್ಡೇಶ್ವರದಂಥ ಕಡಲತೀರದಲ್ಲಿ ಓಡಿದರೆ ಒಳದಾರಿಗಳಲ್ಲಿ ಉಪ್ಪು ಕೂರುವುದು ಖಚಿತ, ಆದ್ದರಿಂದ ಸಿಹಿನೀರು ಹಾಯಿಸಲೇಬೇಕು. ಆದರೆ ಕ್ರಮ ತಪ್ಪಬಾರದು: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ, ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಎಂಜಿನ್. ನಿಂತ ಎಂಜಿನ್ನಿಗೆ ನೀರು ಬಿಟ್ಟರೆ ಅದನ್ನು ಹೊರದಬ್ಬಲು ಹೊಗೆಯ ಒತ್ತಡವಿಲ್ಲದೆ ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೇ ನುಗ್ಗುತ್ತದೆ. ಕೆಟ್ಟು ನಿಂತ ಗಾಡಿಯನ್ನು ಇನ್ನೊಂದರಿಂದ ಜೋರಾಗಿ ಎಳೆದರೂ ಇದೇ ಅಪಾಯ. ಎಂಜಿನ್ನಿಗೆ ನೀರು ಒಯ್ಯುವ ಪೈಪನ್ನು ಅದುಮಿ ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಎಳೆಯಬೇಕು.

ಹಳೆಯ ಜೆಟ್ ಸ್ಕೀ ಕೊಳ್ಳಹೊರಟವರು ಕಂಪ್ರೆಷನ್ ಗೇಜ್ ಜೊತೆಗೇ ಒಯ್ಯಲಿ. "ಕಾರ್ಬೊರೇಟರ್ ತೊಳೆದರೆ ಸರಿಹೋಗುತ್ತೆ" ಅನ್ನುವ ಮಾರಾಟಗಾರನಿಗೆ, ಹಾಗಾದರೆ ನೀವೇ ಯಾಕೆ ತೊಳೆಸಲಿಲ್ಲ ಎಂದು ಕೇಳಲಿ. ಎರಡೂ ಸಿಲಿಂಡರ್ ಸರಿಯಾದ ಅಂಕಿ ತೋರಿಸಿದರೆ ಗಾಡಿ ಕೊಳ್ಳಲು ಅಡ್ಡಿಯಿಲ್ಲ. ಬೂದು ಪೈಪು ಕಂಡರೆ ಮಾತ್ರ, ಅದನ್ನು ಪೂರ್ತಿ ಕಿತ್ತು ಕಪ್ಪು ರಬ್ಬರ್ ಪೈಪು ಹಾಕಿಸಿ, ಕಾರ್ಬೊರೇಟರಿನ ಜಾಲರಿ ತೊಳೆಸುವವರೆಗೆ ನೀರಿಗೆ ಇಳಿಸಬೇಡಿ.