ಚುಕ್ಕಾಣಿ ತಾನೇ ತಿರುಗುವ ಬಗೆ

ಹಾವೇರಿಯಿಂದ ಬ್ಯಾಡಗಿಯ ಮಗ್ಗುಲಲ್ಲಿ ಹಾದು ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ದೋಣಿಯ ನೆನಪು ಬರುವುದು ಕಡಿಮೆ. ದಾರಿಯುದ್ದಕ್ಕೂ ಹೊಲಗಳೇ. ಆದರೆ ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಆ ದಂಡೆಯ ಚೌಡದಾನಪುರ 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಊರು. ಇಂದು ಹಡಗುಗಳಲ್ಲಿ ಚುಕ್ಕಾಣಿ ತಿರುಗಿಸುವ ಆಟೋಪೈಲಟ್ ಎಂಬ ಯಂತ್ರದ ಕಷ್ಟವೇನೆಂದು ತಿಳಿಯಲು ಆತನ ಕಸುಬನ್ನು ನೆನೆದರೆ ಸಾಕು.

ತುಂಬಿದ ಹೊಳೆಯಲ್ಲಿ ಎದುರು ದಡಕ್ಕೆ ನೇರ ಗುರಿಯಿಟ್ಟು ಹುಟ್ಟು ಹಾಕಿದರೆ ಹರಿಗೋಲು ಅಲ್ಲಿಗೆ ಸೇರುವುದಿಲ್ಲ. ಸೆಳವು ಅದನ್ನು ಕೆಳಕ್ಕೆ ಒಯ್ಯುತ್ತದೆ. ಆದ್ದರಿಂದ ಅಂಬಿಗ ಹೊಳೆಯ ಮೇಲ್ಬದಿಗೆ ಹುಟ್ಟು ಹಾಕುತ್ತ ಹೋಗಿ, ಬೇಕಾದ ಕಡೆ ದಡ ಮುಟ್ಟಿಸುತ್ತಾನೆ. ಮುಖ ಮಾಡಿದ ದಿಕ್ಕು ಒಂದು, ಸಾಗುವ ದಾರಿ ಇನ್ನೊಂದು.

ಸರಳವಾದ ಆಟೋಪೈಲಟ್‌ಗೆ ಮೊದಲನೆಯದು ಮಾತ್ರ ಗೊತ್ತು. ಹೋಗಬೇಕಾದ ದಿಕ್ಕನ್ನು ನಾವಿಕ ಅಂಶಗಳ ಲೆಕ್ಕದಲ್ಲಿ ಗೊತ್ತುಮಾಡುತ್ತಾನೆ, 90 ಎಂದರೆ ಪೂರ್ವ. ದೋಣಿಯ ಮೂತಿ 85ರಲ್ಲಿದೆ ಎಂದು ದಿಕ್ಸೂಚಿ ಹೇಳಿದರೆ, ಆ ಐದು ಅಂಶದ ವ್ಯತ್ಯಾಸಕ್ಕೆ ತಕ್ಕಷ್ಟು ಮೋಟಾರು ಚುಕ್ಕಾಣಿಯನ್ನು ಹೊರಳಿಸುತ್ತದೆ. ದಿಕ್ಕು ಬದಲಿಸುವುದಕ್ಕೆ ಬೇರೆ ವಿದ್ಯೆಯೇನಿಲ್ಲ. ಗುಂಡಿ ಒತ್ತಿ 90ನ್ನು 100 ಮಾಡಿದರೆ, ಯಂತ್ರದ ಪಾಲಿಗೆ ಅದು ಸರಿಪಡಿಸಬೇಕಾದ ಹೊಸದೊಂದು ತಪ್ಪು, ಅಷ್ಟೆ.

ಇಷ್ಟೇ ಆದರೆ ದೋಣಿ ಹಾವಿನಂತೆ ಹರಿದಾಡೀತು. ತಿರುಗತೊಡಗಿದ ದೋಣಿ ಸೈಕಲ್ಲಿನಂತೆ ತಕ್ಷಣ ನಿಲ್ಲುವುದಿಲ್ಲವಲ್ಲ! ಅನುಭವಿ ನಾವಿಕ ಗುರಿ ಬರುವ ಮೊದಲೇ ಚುಕ್ಕಾಣಿಯನ್ನು ಎದುರು ಬದಿಗೆ ತುಸು ತಿರುಗಿಸುತ್ತಾನೆ. ಗಾಳಿ ಒಂದೇ ಬದಿಯಿಂದ ತಳ್ಳುತ್ತಿದ್ದರೆ ಸದಾ ಸ್ವಲ್ಪ ಓರೆಯಾಗಿಯೇ ಹಿಡಿದಿರುತ್ತಾನೆ. ರಷ್ಯದಲ್ಲಿ ಹುಟ್ಟಿ ಅಮೆರಿಕ ಸೇರಿದ ನಿಕೊಲಾಸ್ ಮಿನೋರ್ಸ್ಕಿ ನಾವಿಕರ ಈ ಜಾಣ್ಮೆಯನ್ನೇ ಗಣಿತಕ್ಕಿಳಿಸಿ 1922ರಲ್ಲಿ ಪ್ರಕಟಿಸಿದರು. ಈಗಿನ ತಪ್ಪು ಎಷ್ಟು, ಅದು ಎಷ್ಟು ಬೇಗ ಬದಲಾಗುತ್ತಿದೆ, ಹಿಂದಿನಿಂದ ಎಷ್ಟು ಕೂಡುತ್ತ ಬಂದಿದೆ ಎಂಬ ಮೂರು ಲೆಕ್ಕ ಇಂದಿಗೂ ಆಟೋಪೈಲಟ್‌ಗಳ ಬೆನ್ನೆಲುಬು.

ಉಳಿದದ್ದು ಸೆಳವಿನ ಪ್ರಶ್ನೆ. ದೋಣಿ ಪಕ್ಕಕ್ಕೆ ಜಾರುತ್ತಿದ್ದರೂ ಮೂತಿ 90ರಲ್ಲೇ ಇದ್ದರೆ ದಿಕ್ಸೂಚಿ ಏನೂ ದೂರುವುದಿಲ್ಲ. ಹಾಗಾಗಿ ಉಪಗ್ರಹಗಳಿಂದ ಸ್ಥಾನ ತಿಳಿಸುವ ಜಿಪಿಎಸ್‌ಅನ್ನು ಆಟೋಪೈಲಟ್‌ಗೆ ಜೋಡಿಸುತ್ತಾರೆ. ಗೆರೆಯಿಂದ ಎಷ್ಟು ಸರಿದಿದ್ದೇವೆಂದು ಅದು ತಿಳಿಸಿದರೆ, ಯಂತ್ರವೂ ಅಂಬಿಗನಂತೆ ಸೆಳವಿಗೆ ಎದುರಾಗಿ ಮುಖ ತಿರುಗಿಸುತ್ತದೆ.

1995ರ ಜೂನ್‌ನಲ್ಲಿ ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟ ‘ರಾಯಲ್ ಮೆಜೆಸ್ಟಿ’ ಹಡಗಿನಲ್ಲಿ ಜಿಪಿಎಸ್ ಆಂಟೆನಾದ ತಂತಿ ಕಳಚಿತು. ಉಪಕರಣ ವೇಗ, ದಿಕ್ಕುಗಳಿಂದಲೇ ಸ್ಥಾನವನ್ನು ಅಂದಾಜು ಮಾಡತೊಡಗಿತು. ಗಾಳಿ, ಸೆಳವುಗಳು ಆ ಅಂದಾಜಿನಲ್ಲಿ ಇರಲಿಲ್ಲ. ಆಟೋಪೈಲಟ್ ಅದನ್ನೇ ನಂಬಿ ನಡೆಯಿತು. ಒಂದೂವರೆ ದಿನದ ಬಳಿಕ, 1,500ಕ್ಕೂ ಹೆಚ್ಚು ಜನರಿದ್ದ ಹಡಗು ನಾನ್‌ಟಕೆಟ್ ದ್ವೀಪದ ಬಳಿ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಅಧಿಕಾರಿಗಳು ಎಣಿಸಿದ್ದ ಜಾಗದಿಂದ ಅದು ಸುಮಾರು 17 ಮೈಲಿ ಸರಿದಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಸರಿಯಾದ ಸ್ಥಾನ ತೋರಿಸುತ್ತಿದ್ದ ಲೊರಾನ್ ಎಂಬ ಇನ್ನೊಂದು ಉಪಕರಣ ಅದೇ ಹಡಗಿನಲ್ಲಿತ್ತು. ಕಾವಲಿನವರು ಎರಡನ್ನೂ ಹೋಲಿಸಿ ನೋಡಿರಲಿಲ್ಲ.