ದತ್ತಿಗೆ ಸಿಗದ ಲೈನ್ ಮನೆಗಳು

ಎಂ.ಬಿ.ಬಿ.ಎಸ್. ಎರಡನೇ ವರ್ಷದ ಹುಡುಗಿಯೊಬ್ಬಳ ಲಾಗ್ ಬುಕ್ ನನ್ನನ್ನು ಹೀಗೆ ಹಿಡಿದು ಕೂರಿಸುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ದಾರಿಯ ಬಾಳೂರಿನಲ್ಲಿ, ಪರಿಚಯದ ಬೆಳೆಗಾರರೊಬ್ಬರ ಮನೆಯ ಜಗಲಿಯಲ್ಲಿ ಅದು ನನ್ನ ಕೈಗೆ ಬಂತು. ರೊಬಸ್ಟಾ ಕೊಯ್ಲಿನ ಕಾಲ. ಅಂಗಳದ ಕಣದ ತುಂಬ ಹಣ್ಣು ಹರಡಿತ್ತು. ರಜೆಗೆ ಬಂದಿದ್ದ ಮನೆಮಗಳು ಅಮ್ಮನಿಗೆ ಏನನ್ನೋ ತೋರಿಸುತ್ತಿದ್ದಳು. ‘ನೋಡಿ ಅಂಕಲ್, ನಾನು ದತ್ತು ತಗೊಂಡಿರೋ ಮನೆಗಳು’ ಎಂದು ಪುಸ್ತಕವನ್ನು ನನ್ನತ್ತ ತಿರುಗಿಸಿದಳು.

ಅವಳ ಕಾಲೇಜು ಇರುವುದು ಬಯಲುಸೀಮೆಯಲ್ಲಿ. ಹತ್ತಿರದ ಹಳ್ಳಿಯೊಂದರ ಐದು ಕುಟುಂಬಗಳ ಆರೋಗ್ಯದ ಲೆಕ್ಕ ಇಡುವುದು ಅವಳ ಪಾಲಿಗೆ ಬಂದ ಕೆಲಸ. ಕುಡಿಯುವ ನೀರು ಎಲ್ಲಿಯದು, ಅಡುಗೆ ಯಾವ ಒಲೆಯಲ್ಲಿ, ಶೌಚಾಲಯ ಇದೆಯೇ, ಮಕ್ಕಳಿಗೆ ಲಸಿಕೆ ಆಗಿದೆಯೇ, ಹಿರಿಯರ ಬಿ.ಪಿ. ಎಷ್ಟು ಎಂಬ ಕಾಲಂಗಳು. ಎಲ್ಲವನ್ನೂ ನೀಟಾದ ಇಂಗ್ಲಿಷಿನಲ್ಲಿ ತುಂಬಿದ್ದಳು. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಕನ್ನಡ ಅಕ್ಷರಗಳು. ಅವು ಮೇಷ್ಟ್ರಿಗೆ ತೋರಿಸಲು ಬರೆದವಲ್ಲ. ಒಂದು ಕಡೆ ಹೀಗಿತ್ತು: ‘ಅಜ್ಜಿಗೆ ಮಾತ್ರೆ ಗೊತ್ತಿರುವುದು ಬಣ್ಣದಿಂದ. ಈ ಸಲ ಬೇರೆ ಕಂಪನಿಯದು ಕೊಟ್ಟಿದ್ದಾರೆ, ಬಣ್ಣ ಬೇರೆ. ನುಂಗಿಲ್ಲ.’

ವೈದ್ಯರನ್ನು ತಯಾರು ಮಾಡುವ ಬಗೆ ಕುರಿತು ನಾನು ಓದಿರುವ ವರದಿಗಳಲ್ಲಿ ಈ ಮೂರು ವಾಕ್ಯದಷ್ಟು ನೇರವಾಗಿ ಮಾತಾಡಿದ್ದು ಕಡಿಮೆ.

ಅವಳನ್ನು ಆ ಮನೆಗಳಿಗೆ ಕಳಿಸಿದ ಕುಟುಂಬ ದತ್ತು ಕಾರ್ಯಕ್ರಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಜಾರಿಗೆ ತಂದದ್ದು 2022ರಲ್ಲಿ. ಪ್ರತಿ ವಿದ್ಯಾರ್ಥಿ ಕನಿಷ್ಠ ಮೂರು, ಸಾಧ್ಯವಾದರೆ ಐದು ಕುಟುಂಬಗಳನ್ನು ನೋಡಿಕೊಳ್ಳಬೇಕು. ಮೊದಲ ವರ್ಷ 27 ಗಂಟೆ, ಎರಡನೆಯದಕ್ಕೆ 30, ಮೂರನೆಯದಕ್ಕೆ 21, ಒಟ್ಟು 78 ಗಂಟೆ. ವಿಚಾರ ಹಳೆಯದೇ. 1946ರ ಭೋರ್ ಸಮಿತಿ ಸಮಾಜವನ್ನು ಬಲ್ಲ ವೈದ್ಯ ಬೇಕೆಂದು ಹೇಳಿತ್ತು. ವೈದ್ಯಕೀಯ ಶಿಕ್ಷಣವನ್ನು ಹಳ್ಳಿಯತ್ತ ತಿರುಗಿಸಲು 1977ರಲ್ಲಿ ಬಂದ ‘ರೋಮ್’ ಯೋಜನೆ ಪ್ರತಿ ಕಾಲೇಜಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ವಹಿಸಿತು, ಹಳ್ಳಿಗೆ ಓಡಾಡಲು ವಾಹನಗಳನ್ನೂ ಕೊಟ್ಟಿತು. ನಮ್ಮ ರಾಜ್ಯ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ ಕಾಯ್ದೆಯನ್ನೇ ಮಾಡಿತು. ಆದೇಶಗಳಿಗೆ ಬರ ಬಂದಿದ್ದೇ ಇಲ್ಲ. ಹಳ್ಳಿಗೆ ಹೋಗಿಬಂದ ಹುಡುಗರಿಗೆ ಅಲ್ಲಿ ಏನಾಯಿತು, ಏನು ಕಲಿತರು ಎಂದು ಕೇಳಿದವರು ಮಾತ್ರ ಕಡಿಮೆ.

ಕೇಳಿದವರು ಕರ್ನಾಟಕದಲ್ಲೇ ಇದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾದದ್ದು. ಶಿಡ್ಲಘಟ್ಟ ಕಡೆಯ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇರಿ 1973ರಲ್ಲಿ ಅದು ಆರೋಗ್ಯ ಕೇಂದ್ರ ತೆರೆಯಿತು. ಹಾಲಿನ ದುಡ್ಡಿನ ಒಂದು ಪಾಲು ಊರಿನ ಆರೋಗ್ಯಕ್ಕೆ. ಆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ರವಿ ನಾರಾಯಣ್, ಥೆಲ್ಮಾ ನಾರಾಯಣ್ ಮತ್ತು ಸಂಗಡಿಗರು ಹೊರಬಂದು 1984ರಲ್ಲಿ ಕಮ್ಯೂನಿಟಿ ಹೆಲ್ತ್ ಸೆಲ್ ಕಟ್ಟಿದರು. 1990ರ ದಶಕದ ಆರಂಭದಲ್ಲಿ ಈ ಸಂಸ್ಥೆ ವೈದ್ಯಕೀಯ ಶಿಕ್ಷಣದ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ದುಡಿದು ಬಂದ ಯುವ ವೈದ್ಯರ ಅನುಭವವನ್ನು ಕೇಳಿ ದಾಖಲಿಸಿತು. ಪಠ್ಯ ಬದಲಿಸುವ ಮೊದಲು ಅದನ್ನು ಓದಿ ಹಳ್ಳಿಗೆ ಹೋದವರ ಮಾತು ಕೇಳಬೇಕೆಂಬುದು ಅದರ ನಂಬಿಕೆ. ನನಗೂ ಅದೇ ಸರಿ ಅನಿಸುತ್ತದೆ.

ಬಾಳೂರಿಗೆ ಮರಳುತ್ತೇನೆ. ‘ಇದೇ ಫಾರಂ ನಮ್ಮ ಲೈನಲ್ಲಿ ತುಂಬಿದ್ರೆ ಏನಾಗುತ್ತೆ ನೋಡ್ಬೇಕು’ ಎಂದು ಹುಡುಗಿ ಎದ್ದಳು. ಲೈನ್ ಎಂದರೆ ತೋಟದ ಕೂಲಿಯವರ ಸಾಲುಮನೆಗಳು. ತೋಟದ ಲೆಕ್ಕ ನೋಡುವ ರೈಟರ್ ಅಲ್ಲಿಗೆ ಹೇಳಿಕಳಿಸಿದರು. ಕೆಲಸ ಬಿಡುವ ಹೊತ್ತಿಗೆ ನಾವು ಲೈನಿನ ಹತ್ತಿರ ಹೋದೆವು. ಮೊದಲ ಬಾಗಿಲಲ್ಲಿ, ಕೊಯ್ಲಿಗೆಂದು ಉತ್ತರ ಕರ್ನಾಟಕದಿಂದ ಬಂದ ಹೆಣ್ಣುಮಗಳು ಕೈಗೆ ಅಂಟಿದ ಕಾಫಿ ಹಣ್ಣಿನ ರಸ ತೊಳೆಯುತ್ತಿದ್ದರು. ಹುಡುಗಿ ತಾನು ಕಲಿಯುತ್ತಿರುವವಳು, ಹೆಸರು ಬರೆದುಕೊಳ್ಳುವುದಿಲ್ಲ, ಬೇಡ ಅನ್ನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ ಎಂದು ಮೊದಲೇ ಹೇಳಿದಳು. ‘ಕೇಳವ್ವ, ಅದಕ್ಕೇನೈತಿ’ ಎಂದು ಅವರು ಗೋಡೆಗೆ ಒರಗಿ ಕೂತರು.

‘ಮನೇಲಿ ಎಷ್ಟು ಜನ ಅಕ್ಕಾ?’

‘ಇಲ್ಲೇನು, ಊರಾಗೇನು?’

ಹುಡುಗಿಯ ಪೆನ್ನು ನಿಂತಿತು. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂದು ಅವಳಿಗೆ ಕಲಿಸಿದ್ದಾರೆ. ಲೈನಿನ ಒಲೆಯಲ್ಲಿ ಉಣ್ಣುವವರು ಗಂಡ, ಹೆಂಡತಿ, ಸಣ್ಣ ಕೂಸು. ಊರಲ್ಲಿ ಅತ್ತೆಯ ಜೊತೆ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅಲ್ಲಿಯ ಒಲೆ ಉರಿಯುವುದೂ ಇಲ್ಲಿಯ ಕೂಲಿಯಿಂದಲೇ. ಹಾಗಾದರೆ ಮೂರು ಜನವೋ ಆರು ಜನವೋ?

‘ತಿಂಗಳಿಗೆ ಎಷ್ಟು ಬರುತ್ತೆ?’

‘ತಿಂಗಳದ್ದು ಹೆಂಗ ಹೇಳ್ಲಿ? ಕೆ.ಜಿ. ಲೆಕ್ಕ ಐತಿ. ಹಣ್ಣು ಇದ್ದಾಗ ಇರ್ತದ, ಇಲ್ಲದಾಗ ಇಲ್ಲ. ಮೇಸ್ತ್ರಿ ಕಡೆ ಮುಂಗಡ ತಗೊಂಡೀವಿ, ಅದು ಮುರೀತದ.’

ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಬಹಳ ಓದಿದೆ. ದೇಶದ ವೈದ್ಯ ವಿದ್ಯಾರ್ಥಿಗಳು ಕುಟುಂಬದ ಆರ್ಥಿಕ ಸ್ಥಿತಿ ಅಳೆಯಲು ಇಂದಿಗೂ ಬಳಸುವ ಮಾಪನವೊಂದನ್ನು ಬಿ.ಜಿ. ಪ್ರಸಾದ್ ಎಂಬುವರು 1961ರಲ್ಲಿ ರೂಪಿಸಿದರು. ಮನೆಯ ತಿಂಗಳ ಆದಾಯವನ್ನು ತಲೆಗಳಿಂದ ಭಾಗಿಸಬೇಕು. ತಲೆಗೆ 100 ರೂಪಾಯಿ ಅಥವಾ ಹೆಚ್ಚು ಬಂದರೆ ಒಂದನೇ ವರ್ಗ, 15ಕ್ಕಿಂತ ಕಡಿಮೆಯಾದರೆ ಐದನೇ ವರ್ಗ. ಬೆಲೆ ಏರಿದಂತೆ ಈ ಅಂಕಿಗಳನ್ನೂ ಏರಿಸುತ್ತಾರೆ. ಇನ್ನೊಂದು ಕುಪ್ಪುಸ್ವಾಮಿ ಮಾಪನ. ಶಿಕ್ಷಣ, ಉದ್ಯೋಗ, ಆದಾಯ ಸೇರಿ 29 ಅಂಕ. ಅದನ್ನು ಮಾಡಿದ್ದೇ ನಗರಗಳಿಗಾಗಿ, ಹಾಗಾಗಿ ಹಳ್ಳಿಯಲ್ಲಿ ಪ್ರಸಾದ್ ಅವರದೇ ರೂಢಿ.

ನನ್ನನ್ನು ತಡೆದು ನಿಲ್ಲಿಸಿದ್ದು ಅಂಕಿಗಳನ್ನು ಏರಿಸುವ ರೀತಿ. ಅದಕ್ಕೆ ಬಳಸುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಕಾರ್ಖಾನೆ, ಗಣಿ, ರೈಲ್ವೆ, ಬಂದರು ಮುಂತಾದ ಏಳು ವಲಯಗಳ ಕಾರ್ಮಿಕರ ಖರ್ಚಿನಿಂದ ಅದನ್ನು ಲೆಕ್ಕ ಹಾಕುತ್ತಾರೆ. ಆ ಏಳರಲ್ಲಿ ಪ್ಲಾಂಟೇಷನ್ ಕೂಡ ಒಂದು. ಅಂದರೆ ಈ ಮಾಪನದ ವರ್ಗಗಳ ಗೆರೆಗಳನ್ನು ಮೇಲೆ ಕೆಳಗೆ ಸರಿಸುವ ಸೂಚ್ಯಂಕದೊಳಗೆ ತೋಟದ ಆಳುಗಳು ಕೊಳ್ಳುವ ಅಕ್ಕಿ, ಬೇಳೆ, ಎಣ್ಣೆಯ ಬೆಲೆಯೂ ಕೂತಿದೆ. ಅಂಥ ತೋಟದ ಲೈನಿನಲ್ಲೇ ಆ ಮಾಪನ ಕೈಕೊಡುತ್ತದೆ. ಮುಂಗಡವನ್ನು ಆದಾಯ ಎನ್ನಬೇಕೋ ಸಾಲ ಎನ್ನಬೇಕೋ? ತೋಟದವರು ಕೊಟ್ಟ ಮನೆ, ಸೌದೆ ಯಾವ ಕಾಲಮ್ಮಿಗೆ? ಮೂರು ತಿಂಗಳ ದುಡಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚಬೇಕೋ ಬೇಡವೋ? ಮೂರು ತಲೆಗೆ ಭಾಗಿಸಿದರೆ ಒಂದು ವರ್ಗ, ಆರಕ್ಕೆ ಭಾಗಿಸಿದರೆ ಇನ್ನೊಂದು.

ಕೊನೆಗೆ ಹುಡುಗಿ ಬಿ.ಪಿ. ನೋಡಿದಳು, ಹೆಚ್ಚಿತ್ತು. ಊರಿನ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಮುಗಿದಿದೆ. ಮೂಡಿಗೆರೆಗೆ ಹೋಗಿ ಬರಲು ಒಂದು ದಿನದ ಕೊಯ್ಲು ಬಿಡಬೇಕು. ಹುಡುಗಿ ಮಾತ್ರೆಯ ಹೆಸರು ಕೇಳಿದಳು. ಅವರು ಟ್ರಂಕಿನಿಂದ ಖಾಲಿ ಶೀಟು ತೆಗೆದುಕೊಟ್ಟರು. ಬಿಸಾಡದೆ ಮಡಚಿಟ್ಟಿದ್ದರು. ಮಾರನೇ ದಿನ ರೈಟರ್ ಮೂಲಕ ಆಶಾ ಕಾರ್ಯಕರ್ತೆಗೆ ವಿಷಯ ಮುಟ್ಟಿತು.

ದತ್ತು ಕಾರ್ಯಕ್ರಮದ ದೊಡ್ಡ ಕೊರತೆ ನನಗೆ ಕಂಡದ್ದು ಅಲ್ಲಿ. ಮೂರು ವರ್ಷ ಒಂದೇ ಮನೆಗೆ ಹೋಗಬೇಕೆಂದಮೇಲೆ ಕಾಲೇಜು ಆರಿಸುವುದು ಒಂದೇ ಕಡೆ ನಿಲ್ಲುವ ಮನೆಗಳನ್ನು. ಆದರೆ ಕೊಯ್ಲು ಮುಗಿಯುತ್ತಲೇ ಲೈನಿನ ಬಾಗಿಲಿಗೆ ಬೀಗ. ಮುಂದಿನ ವರ್ಷ ಅದೇ ಕುಟುಂಬ ಇನ್ನೊಂದು ತೋಟದಲ್ಲಿ. ಮಲೆನಾಡಿನಲ್ಲಿ ಅರ್ಧಕ್ಕೆ ನಿಂತ ಮಾತ್ರೆ, ತಪ್ಪಿದ ಲಸಿಕೆ, ನಡುವೆ ಕಳೆದುಹೋದ ತಾಯಿ ಕಾರ್ಡು, ಇವೆಲ್ಲ ಹೆಚ್ಚಾಗಿ ಇಂಥ ಮನೆಗಳಲ್ಲೇ. ಕಲಿಯುವವರು ಈ ಮನೆಗಳನ್ನು ನೋಡದೆ ಪಾಸಾದರೆ, ನಾಳೆ ಅದೇ ಹೆಣ್ಣುಮಗಳು ಎದುರು ಕೂತಾಗ ‘ಮಾತ್ರೆ ಯಾಕೆ ಬಿಟ್ಟಿರಿ’ ಎಂದು ಗದರಿಸುವ ವೈದ್ಯರಾಗುತ್ತಾರೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ ತೋಟದವರು ವೈದ್ಯಕೀಯ ಸೌಲಭ್ಯ ಕೊಡಬೇಕೆಂದಿತ್ತು. ಸೌಲಭ್ಯ ಎಲ್ಲಿಯವರೆಗೆ ಮುಟ್ಟುತ್ತಿದೆ ಎಂದು ನೋಡಿ ಬರೆಯಲು ವಿದ್ಯಾರ್ಥಿಗಳಿಗಿಂತ ಒಳ್ಳೆಯ ಜನ ಯಾರಿದ್ದಾರೆ?

ಆ ಹುಡುಗಿಯ ಫಾರಮ್ಮಿನಲ್ಲಿ ಅರ್ಧ ಕಾಲಂ ಖಾಲಿ ಉಳಿದವು, ಅಂಚು ಮಾತ್ರ ತುಂಬಿತು. ಪರೀಕ್ಷೆಗೆ ಬೇಕಾಗುವುದು ಕಾಲಂ, ವೈದ್ಯರಿಗೆ ಬೇಕಾಗುವುದು ಅಂಚು ಎಂದು ನಾನು ನಂಬುತ್ತೇನೆ.

ಈಗ ಚಿಕ್ಕಮಗಳೂರಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅದಕ್ಕೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ನನ್ನ ಕೋರಿಕೆ ಎರಡು. ದತ್ತು ಕುಟುಂಬಗಳಲ್ಲಿ ಒಂದಾದರೂ ವಲಸೆ ಕೂಲಿಯವರದಾಗಿರಲಿ. ಅವರು ಊರು ಬದಲಿಸಿದಾಗ ಮುಂದಿನ ಊರಿನ ಆರೋಗ್ಯ ಕೇಂದ್ರಕ್ಕೆ ಚೀಟಿ ಮುಟ್ಟಿಸುವುದೂ ಪಾಠವೇ ಆಗಲಿ. ಎರಡನೆಯದು, ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಂದ ‘ನೀವು ಕಂಡದ್ದೇನು’ ಎಂದು ಕನ್ನಡದಲ್ಲಿ ಬರೆಸಿ, ಅದನ್ನು ಸಂಶೋಧನೆಯ ಸಾಮಗ್ರಿಯಾಗಿ ಕೂಡಿಡಲಿ. ಬೆಳೆಗಾರ ಬಂಧುಗಳಲ್ಲೂ ಒಂದು ಮಾತು: ಬಿಳಿ ಕೋಟಿನ ಮಕ್ಕಳು ನಿಮ್ಮ ಗೇಟಿಗೆ ಬಂದರೆ ತಪಾಸಣೆಯವರೆಂದು ಅಂಜಬೇಡಿ. ಲೈನಿನವರೆಗೆ ಕರೆದುಕೊಂಡು ಹೋಗಿ.